ಕೈತೋಟದಾಗ ಒಂದು ಝೆಂಡಾ ಕಂಬ

ಭಾಗ 1

ಉದ್ದ ಸರಣಿ ಐತಿ ದೋಸ್ತ್ರ, ಒಂದ ಸಲಕ್ಕ ಓದಾಕ ಆಗಲಿಲ್ಲ ಅಂದ್ರ ಸೇವ್ ಮಾಡಿ ಇಟ್ಕೋರಿ. ಬಿಕಾಂ ಓದೋಕಿ ಇತಿಹಾಸ ಯಾಕ ಬರ್ಯಾಕತ್ತಾಳ ಅಂತ ಕೇಳೋರು ಎಂಟನೇ ಭಾಗದ ತನಕ ತಡ್ಕೋರಿ, ಅಲ್ಲಿ ರೊಕ್ಕದ ಲೆಕ್ಕ ಬರ್ತೈತಿ.

ಫೋಟೋದಾಗ ಕಾಣೂದು ಐಗಳಿಯ ನಮ್ಮನಿ ಮುಂದಿನ ಕೈತೋಟ. ಎಡಕ್ಕ ಕರಿಬೇವು, ಬಲಕ್ಕ ದಾಸವಾಳ, ನಡುವ ಮೂರು ಅಡಿ ಆಳದ ತೆಗ್ಗು. ತೆಗ್ಗಿನ ಬಾಜೂಕ ಕುರ್ಚಿ ಹಾಕ್ಕೊಂಡು, ಗೌಂಡಿಗೆ ಹಿಂಗ ಅಗಿ ಹಂಗ ಅಗಿ ಅಂತ ಹೇಳಾಕತ್ತವರು ನಮ್ಮ ಅಜ್ಜ. ಅವರು ಸಾಲಿಯಾಗ ಸಿಪಾಯಿ ಆಗಿದ್ರು. 1980ಕ್ಕ ಸೇರಿ 2011ಕ್ಕ ರಿಟೈರ್ ಆದ್ರು, ಅಂದ್ರ 31 ವರ್ಷ. ವರ್ಷಕ್ಕ ಆಗಸ್ಟ್ 15, ಜನವರಿ 26 ಎರಡನ್ನ ಹಿಡಿದ್ರೂ 62 ಸಲ ಅವರು ಬಾವುಟ ಮಡಚಿ, ಒಳಗ ಹೂವಿನ ಪಕಳಿ ಇಟ್ಟು, ಒಂದ ಸಲ ಜಗ್ಗಿದ್ರ ಬಿಚ್ಚಿಕೊಳ್ಳೋ ಹಂಗ ಗಂಟು ಹಾಕ್ಯಾರ. ಆ ಗಂಟು ಎಲ್ಲಾರಿಗೂ ಬರೂದಿಲ್ಲ. ಬಿಗಿ ಆದ್ರ ಮುಖ್ಯ ಅತಿಥಿ ಜಗ್ಗಿ ಜಗ್ಗಿ ಬೆವರ್ತಾರ, ಸಡಿಲ ಆದ್ರ ಅರ್ಧ ದಾರಿಯಾಗ ಹೂವು ಉದುರ್ತಾವು.

ಹಗ್ಗ ಜಗ್ಗಿದ್ದು ಮಾತ್ರ ಒಂದ ಸಲಾನೂ ಅವರಲ್ಲ. ಅದಕ್ಕ ಅಧ್ಯಕ್ಷರು, ಹೆಡ್ ಮಾಸ್ತರ್ರು, ಊರಿನ ಹಿರಿಯರು ಇರ್ತಿದ್ರು. ಈ ವರ್ಷ ಅಜ್ಜ ಒಂದ ಮಾತು ಅಂದ್ರು: "ನಮ್ಮನಿ ಮುಂದ ಒಂದು ಕಂಬ ನಿಂದ್ರಿಸೋಣು. ನಾನ ಕಟ್ತೀನಿ, ನಾನ ಏರಸ್ತೀನಿ."

ಪೈಪ್ ಬಂತು. ಇಳಿಸಿಕೊಳ್ಳುವಾಗ ಅಜ್ಜ ಕೇಳಿದ್ರು, "ಪರವಾನಗಿ ತಗೊಂಡೀರೇನು?"

ನಾವೆಲ್ಲಾ ನಕ್ಕಿವಿ. "ಅಜ್ಜಾ, 2022ರಾಗ ಮನಿ ಮನಿ ಮ್ಯಾಲ ಹಾರಿತ್ತಲ್ಲ" ಅಂದೆ.

"ಅದು ಸರ್ಕಾರ ಹೇಳಿದ ಮೂರು ದಿನ. ನಾನು ಕೇಳಾಕತ್ತಿದ್ದು ದಿನಾ ಹಾರ್ಸೂದಕ್ಕ."

ಭಾಗ 2

ನಕ್ಕದ್ದಕ್ಕ ಆವತ್ತು ರಾತ್ರಿ ನಾಚಿಕಿ ಆತು. ಯಾಕಂದ್ರ ಹುಡುಕಿ ಓದಿದ ಮ್ಯಾಲ ತಿಳೀತು, ಅಜ್ಜನ ಪ್ರಶ್ನೆ ಅವರ ಆಯುಷ್ಯದ ಬಹುಪಾಲು ಸರಿಯಾದ ಪ್ರಶ್ನೆಯೇ ಆಗಿತ್ತು.

ಸಂವಿಧಾನ ಸಭೆ ಈಗಿನ ತ್ರಿವರ್ಣ ಧ್ವಜವನ್ನು ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಅದಾದ ಮೇಲೆ 1950ರಲ್ಲಿ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆಯುವ ಕಾಯ್ದೆ ಬಂತು, 1971ರಲ್ಲಿ ರಾಷ್ಟ್ರ ಗೌರವಕ್ಕೆ ಅವಮಾನ ತಡೆಯುವ ಕಾಯ್ದೆ ಬಂತು. ಇವೆರಡರ ಜೊತೆಗೆ ಸರ್ಕಾರ ಕಾಲಕಾಲಕ್ಕೆ ಹೊರಡಿಸುತ್ತಿದ್ದ ಧ್ವಜದ ಸೂಚನೆಗಳಿದ್ದವು. ಆ ಸೂಚನೆಗಳ ಪ್ರಕಾರ ಸರ್ಕಾರಿ ಕಟ್ಟಡಗಳ ಮೇಲೆ ದಿನವೂ ಬಾವುಟ ಹಾರಬಹುದು. ಸಾಮಾನ್ಯ ಮನುಷ್ಯ ಮಾತ್ರ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿಯಂಥ ಕೆಲವೇ ದಿನ ಹಾರಿಸಬೇಕು. ಉಳಿದ ದಿನಗಳಲ್ಲಿ ಮನಿ ನಿಮ್ಮದು, ಜಾಗ ನಿಮ್ಮದು, ರೊಕ್ಕ ನಿಮ್ಮದು, ಆದ್ರ ಅದರ ಮ್ಯಾಲ ಬಾವುಟ ಹಾರಿಸೂ ಹಕ್ಕು ನಿಮ್ಮದಲ್ಲ.

ಇದು ಬದಲಾದದ್ದು 2002ರ ಜನವರಿ 26ರಂದು. ಆವತ್ತಿನಿಂದ 'ಭಾರತದ ಧ್ವಜ ಸಂಹಿತೆ, 2002' ಜಾರಿಗೆ ಬಂತು. ಗೌರವಕ್ಕೆ ಕುಂದು ಬರದ ಹಾಗೆ ಯಾರು ಬೇಕಾದರೂ, ಯಾವ ದಿನ ಬೇಕಾದರೂ ಹಾರಿಸಬಹುದು ಅಂತ ಆಯ್ತು.

ಅಜ್ಜ ಹುಟ್ಟಿದ್ದು 1951ಕ್ಕ. ಅಂದ್ರ ಸ್ವಾತಂತ್ರ್ಯ ಬಂದ ನಾಲ್ಕು ವರ್ಷಕ್ಕ ಹುಟ್ಟಿದ ಮನುಷ್ಯಾಗ 50 ದಾಟೂ ತನಕ ಸ್ವಂತ ಅಂಗಳದಾಗ ದಿನಾ ಬಾವುಟ ಏರಿಸೂ ಅವಕಾಶ ಇರಲಿಲ್ಲ. ಸಾಲಿಯಾಗ 31 ವರ್ಷ ಗಂಟು ಹಾಕಿದ್ರಲ್ಲ, ಅದರಾಗ 21 ವರ್ಷಕ್ಕಿಂತ ಹೆಚ್ಚು ಹಳೇ ನಿಯಮದ ಕಾಲ. ನಾನು ಹುಟ್ಟೂ ಮೊದಲ ಈ ಗಂಟು ಬಿಚ್ಚಿತ್ತು, ಅದಕ್ಕ ನನಗ ನಗು ಬಂತು, ಅವರಿಗೆ ಹೆದರಿಕಿ ಬಂತು.

ಭಾಗ 3

ಹಳೇ ನಿಯಮ ತಾನಾಗಿ ಸಡಿಲ ಆಗಲಿಲ್ಲ. ಒಬ್ಬರು ಕೋರ್ಟಿಗೆ ಹೋಗಿದ್ರು.

ನವೀನ್ ಜಿಂದಾಲ್ ಅಮೆರಿಕದ ಟೆಕ್ಸಾಸ್‌ನಲ್ಲಿ ಓದಿ ಬಂದವರು. ಅಲ್ಲಿ ಜನ ಮನೆ ಮುಂದೆ, ಅಂಗಡಿ ಮುಂದೆ ತಮ್ಮ ದೇಶದ ಬಾವುಟವನ್ನು ವರ್ಷಪೂರ್ತಿ ಹಾರಿಸುವುದನ್ನು ನೋಡಿದ್ದರು. ಊರಿಗೆ ಬಂದು ರಾಯಗಢದ (ಆಗ ಮಧ್ಯಪ್ರದೇಶ, ಈಗ ಛತ್ತೀಸ್‌ಗಢ) ತಮ್ಮ ಕಾರ್ಖಾನೆಯ ಆವರಣದಲ್ಲಿ ತ್ರಿವರ್ಣ ಹಾರಿಸಿದರು. ಅಧಿಕಾರಿಗಳು ಬೇಡ ಅಂದರು. ಜಿಂದಾಲ್ ದೆಹಲಿ ಹೈಕೋರ್ಟಿಗೆ ಹೋದರು, 1995ರಲ್ಲಿ ಗೆದ್ದರು. ಕೇಂದ್ರ ಸರ್ಕಾರ ಮೇಲ್ಮನವಿ ಹಾಕಿತು. ಕೇಸು ಸುಪ್ರೀಂ ಕೋರ್ಟಿನಲ್ಲಿ ಇರುವಾಗಲೇ 2002ರ ಸಂಹಿತೆ ಬಂತು, ಕೊನೆಯ ತೀರ್ಪು ಬಂದದ್ದು 2004ರ ಜನವರಿ 23ಕ್ಕೆ, ಗಣರಾಜ್ಯೋತ್ಸವಕ್ಕೆ ಮೂರು ದಿನ ಮುಂಚೆ.

ತೀರ್ಪಿನ ತಿರುಳು ಇಷ್ಟು: ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. ಅಂದರೆ ಮಾತಾಡುವ ಹಕ್ಕು, ಬರೆಯುವ ಹಕ್ಕು ಇರುವ ಸಾಲಿನಲ್ಲೇ ಇದೂ ಒಂದು ಹಕ್ಕು. ಆದರೆ ಮಿತಿ ಇಲ್ಲದ ಹಕ್ಕಲ್ಲ, ಕಾನೂನು ಹಾಕುವ ಸಮಂಜಸವಾದ ನಿರ್ಬಂಧಗಳಿಗೆ ಒಳಪಟ್ಟದ್ದು. ನಮ್ಮ ಬಿಸಿನೆಸ್ ಲಾ ಪೇಪರಿನಾಗ ಇದು ಬರೂದಿಲ್ಲ. ಬಂದಿದ್ರ ನಾನು ಆವತ್ತು ನಗ್ತಿರಲಿಲ್ಲ.

ಒಂದು ಮಾತು. ಕೇಸು ಗೆದ್ದವರು ಕಾರ್ಖಾನೆ ಇದ್ದವರು, ವಕೀಲರನ್ನ ಹಿಡಿಯೋ ಶಕ್ತಿ ಇದ್ದವರು. ನಮ್ಮಜ್ಜನಂಥೋರು ಕೋರ್ಟಿಗೆ ಹೋಗ್ತಿರಲಿಲ್ಲ, ಸುಮ್ನ ಇರ್ತಿದ್ರು. ಹಕ್ಕು ಎಲ್ಲಾರಿಗೂ ಸಿಕ್ಕರೂ ಸುದ್ದಿ ಎಲ್ಲಾರಿಗೂ ಮುಟ್ಟೂದಿಲ್ಲ. ಅಜ್ಜಗ ಮುಟ್ಟಾಕ ಇಪ್ಪತ್ತು ವರ್ಷದ ಮ್ಯಾಲ ಹಿಡೀತು, ಅದೂ ಮೊಮ್ಮಗಳ ಫೋನಿನಿಂದ.

ಇದು ನಮ್ಮ ದೇಶದ ರೋಗ ಒಂದೇ ಅಂತಾನೂ ಅಲ್ಲ. ಡೆನ್ಮಾರ್ಕಿನಾಗ ಈಗ ಮನೆ ತೋಟದಲ್ಲಿ ಝೆಂಡಾ ಕಂಬ ಇರುವುದು ಬಹಳ ಸಾಮಾನ್ಯ, ಮನಿ ಮಂದಿಯ ಹುಟ್ಟುಹಬ್ಬಕ್ಕೂ ಬಾವುಟ ಏರಿಸ್ತಾರ. ಅದೇ ದೇಶದಲ್ಲಿ 1834ರಲ್ಲಿ ರಾಜ, ಜನ ತಮ್ಮ ಜಾಗದಲ್ಲಿ ದೇಶದ ಬಾವುಟ ಹಾರಿಸಬಾರದು ಅಂತ ನಿಷೇಧ ಹಾಕಿದ್ದ. ಅದು ತೆರವಾಗಿದ್ದು 1854ಕ್ಕೆ. ಅಮೆರಿಕದಲ್ಲೂ ಕೆಲವು ಬಡಾವಣೆ ಸಂಘಗಳು ಮನೆ ಮುಂದೆ ಬಾವುಟ ಬೇಡ ಅನ್ನುತ್ತಿದ್ದವು, ಹಾಗೆ ತಡೆಯಬಾರದು ಅಂತ 2006ರಲ್ಲಿ ಅಲ್ಲಿ ಒಂದು ಕಾಯ್ದೆಯನ್ನೇ ಮಾಡಬೇಕಾಯ್ತು.

ಭಾಗ 4

ಅಜ್ಜನ "ಪರವಾನಗಿ" ಅನ್ನೋ ಶಬ್ದ ತಲಿಯಾಗ ಕುಂತಬಿಟ್ಟಿತು. ನಮ್ಮ ಭಾಗದಾಗ ಮನಿ ಮುಂದ ಕೋಲು ನಿಂದ್ರಿಸೂದು ಹೊಸದಲ್ಲ. ಯುಗಾದಿಗೆ ಗಡಿಯ ಈ ಕಡೆ ಎಷ್ಟೋ ಮನಿ ಮುಂದ ಗುಡಿ ಏರ್ತೈತಿ: ಬಿದಿರಕೋಲು, ತುದಿಗೆ ಹೊಸ ಖಣ, ಬೇವಿನ ಟೊಂಗಿ, ಸಕ್ಕರಿ ಸರ, ಮ್ಯಾಲ ಬೋರಲ ಹಾಕಿದ ತಂಬಿಗಿ. ಜಾತ್ರಿಯಾಗ ನಂದಿಕೋಲು ಏರ್ತೈತಿ. ಇವಕ್ಕ ಯಾರೂ ಪರವಾನಗಿ ಕೇಳಿದವರಿಲ್ಲ. ಹಂಗಿದ್ರ ಮೂರು ಬಣ್ಣದ ಅರಿವಿಗೆ ಮಾತ್ರ ಈ ಭಯ ಎಲ್ಲಿಂದ ಬಂತು?

ಅದು ಬ್ರಿಟಿಷರ ಕಾಲದ್ದು. 1923ರಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಬಾವುಟ ಹಿಡಿದು ಸಿವಿಲ್ ಲೈನ್ಸ್ ಕಡೆ ಮೆರವಣಿಗೆ ಹೋಗಬಾರದು ಅಂತ ಆಡಳಿತ ತಡೆದಿತ್ತು. ಜನ ದಿನವೂ ಬಾವುಟ ಹಿಡಿದು ಹೋಗುವುದು, ಜೈಲಿಗೆ ಬೀಳುವುದು, ಮರುದಿನ ಇನ್ನೊಂದು ತಂಡ. ಝೆಂಡಾ ಸತ್ಯಾಗ್ರಹ ಅಂತಾನೇ ಅದಕ್ಕೆ ಹೆಸರು. ಮೇ ತಿಂಗಳಿಂದ ಆಗಸ್ಟ್ ತನಕ ನಡೆಯಿತು, ಕೊನೆಗೆ ವಲ್ಲಭಭಾಯಿ ಪಟೇಲರು ಬಂದು ಮುನ್ನಡೆಸಿದರು.

ಅಲ್ಲಿಗೆ ನಮ್ಮ ಹುಬ್ಬಳ್ಳಿಯಿಂದಲೂ ತಂಡ ಹೋಗಿತ್ತು. ಮುಂದೆ ಇದ್ದವರು ಡಾ. ನಾ.ಸು. ಹರ್ಡೀಕರ್. ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್‌ನಲ್ಲಿ ಓದಿ ಬಂದವರು. (ಜಿಂದಾಲ್ ಅಮೆರಿಕದಿಂದ ಬಂದರು, ಹರ್ಡೀಕರ್ ಅಮೆರಿಕದಿಂದ ಬಂದರು. ಇದರಾಗ ಏನೋ ಐತಿ ಅನಿಸ್ತೈತಿ, ಆದ್ರ ಎರಡು ಉದಾಹರಣಿ ಇಟ್ಕೊಂಡು ಸಿದ್ಧಾಂತ ಮಾಡಬಾರದು ಅಂತ ಸ್ಟ್ಯಾಟಿಸ್ಟಿಕ್ಸ್ ಮೇಡಂ ಹೇಳ್ಯಾರ.) ಆ ಜೈಲುವಾಸದ ಅನುಭವದ ಮೇಲೆಯೇ ಅವರು 1923ರ ಕೊನೆಯಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ, 1924ರ ಡಿಸೆಂಬರ್‌ನಲ್ಲಿ, ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಅಧಿವೇಶನ ನಡೆದಾಗ ಶಿಸ್ತಿನ ಕೆಲಸ ಹೊತ್ತದ್ದು ಈ ದಳ, ಹೆಣ್ಣುಮಕ್ಕಳ ಸ್ವಯಂಸೇವಕ ತಂಡದ ಮುಂದೆ ಉಮಾಬಾಯಿ ಕುಂದಾಪುರ.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಎಲ್ಲ ಕಡೆ ಧ್ವಜವಂದನೆ ಮಾಡುವ ಪದ್ಧತಿ ತಂದದ್ದೂ ಸೇವಾದಳವೇ. ಸಾಲಿಯಾಗ ನಾವು ಸಾಲಾಗಿ ನಿಂತು, ಸಾವಧಾನ್ ವಿಶ್ರಾಮ್ ಮಾಡಿ ಬಾವುಟಕ್ಕ ಕೈ ಎತ್ತತಿದ್ದೆವಲ್ಲ, ಅದನ್ನ ನೋಡಿದಾಗೆಲ್ಲ ನನಗ ಈಗ ಹುಬ್ಬಳ್ಳಿಯ ಈ ಡಾಕ್ಟರ್ ನೆನಪಾಗ್ತಾರ.

ಭಾಗ 5

ಇನ್ನ ಬರೂದು ಈ ಸರಣಿಯ ಮುಖ್ಯ ಭಾಗ. ಬಿಟ್ಟು ಮುಂದ ಹೋಗಬ್ಯಾಡ್ರಿ.

ನಾಗಪುರ ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಮೈಸೂರು ಹಾಗಲ್ಲ, ಅಲ್ಲಿ ಮಹಾರಾಜರು, ದಿವಾನರು. ನಮ್ಮವರದೇ ಸರ್ಕಾರ ಅನ್ನೋಣ. 1938ರಲ್ಲಿ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನಕ್ಕೆ ಮದ್ದೂರಿನ ಹತ್ತಿರದ ಶಿವಪುರವನ್ನು ಆರಿಸಿತು. ಊಟದ ವ್ಯವಸ್ಥೆ, ಚಪ್ಪರ, ಜನ ಎಲ್ಲಾ ಸಜ್ಜು. ಅಷ್ಟರಲ್ಲಿ ಮ್ಯಾಜಿಸ್ಟ್ರೇಟರ ಆದೇಶ ಬಂತು: ಕಾಂಗ್ರೆಸ್ ಬಾವುಟ ಹಾರಿಸುವಂತಿಲ್ಲ.

ಅದು ಸರ್ಕಾರಿ ಕಚೇರಿಯ ಮೇಲೆ ಹಾರಿಸುವ ಮಾತಲ್ಲ. ಕೋಟೆ ಮೇಲೂ ಅಲ್ಲ. ಊರಿನ ರೈತರೊಬ್ಬರ ಜಮೀನಿನಲ್ಲಿ, ಅವರು ಒಪ್ಪಿ ಕೊಟ್ಟ ಜಾಗದಲ್ಲಿ ನೆಟ್ಟ ಕಂಬ. ನಮ್ಮ ಕರಿಬೇವು ದಾಸವಾಳದ ನಡುವಿನ ತೆಗ್ಗು ಇದೆಯಲ್ಲ, ಅದರಂಥದ್ದೇ ಒಂದು ತೆಗ್ಗು. ಸ್ವಂತ ಮಣ್ಣಿನ ಮ್ಯಾಲ ಏನು ಹಾರಬೇಕು ಅಂತ ಯಾರು ಹೇಳಬೇಕು? 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಎದ್ದದ್ದು ಈ ಪ್ರಶ್ನೆ. ಜಿಂದಾಲ್ ಕೇಸಿನಲ್ಲಿ ಎದ್ದದ್ದೂ ಇದೇ. ಅಜ್ಜ ಕುರ್ಚಿ ಮ್ಯಾಲ ಕುಂತು ಕೇಳಿದ್ದೂ ಇದೇ.

ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯ ಬಾವುಟ ಏರಿಸಿದರು. ಬಂಧನ ಆಯಿತು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ಸಾವಿರಾರು ಜನ ಸೇರಿದ್ದರು. ಶಿವಪುರದ ಸುದ್ದಿ ಕೇಳಿ ಬೇರೆ ಊರುಗಳಲ್ಲೂ ಬಾವುಟ ಏರಿಸುವುದು ಶುರುವಾಯಿತು.

ಹಂಗೆ ಏಪ್ರಿಲ್ 25ಕ್ಕೆ ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥ. ಅಶ್ವತ್ಥ ಮರಕ್ಕೆ ಹೆಸರಾದ ಕ್ಷೇತ್ರ, ಜಾತ್ರೆಯ ಜನ. ಅಲ್ಲೂ ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅಂತ ನಿಷೇಧ. ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಅಂತ ಇವತ್ತು ಅಲ್ಲಿಯ ಹುತಾತ್ಮರ ಲೆಕ್ಕ ಹೇಳುತ್ತದೆ, ಆಗಿನ ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಕರೀತಾರೆ. ನನಗ ಈ ಹೋಲಿಕಿ ಅಷ್ಟು ಸೇರೂದಿಲ್ಲ. ಇನ್ನೊಂದು ಊರಿನ ಹೆಸರು ಹಚ್ಚಿದ್ರ ಮಾತ್ರ ನಮ್ಮ ಊರಿನ ಸಾವು ದೊಡ್ಡದಾಗ್ತೈತೇನು? ವಿದುರಾಶ್ವತ್ಥ ಅಂದ್ರ ಸಾಕು.

ಬೆಳಗಾವಿ ಜಿಲ್ಲೆಯ ನಾವು ಆಗ ಮುಂಬಯಿ ಪ್ರಾಂತ್ಯದಾಗ ಇದ್ದಿವಿ. ಅದಕ್ಕ ಇರಬೇಕು, ಶಿವಪುರ ನಮಗ ದೂರದ ಊರು, ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ. ನಾನೂ ಹಂಗ ಬಾಯಿಪಾಠ ಮಾಡಿದ್ದೆ. ಅದು ಒಬ್ಬರ ಹೊಲದಾಗ ನಡೆದದ್ದು ಅಂತ ತಿಳಿದದ್ದು ನಮ್ಮನಿ ಮುಂದ ತೆಗ್ಗು ಬಿದ್ದ ಮ್ಯಾಲ.

ಭಾಗ 6

ವಿದುರಾಶ್ವತ್ಥದ ನಂತರ ದಿವಾನ್ ಮಿರ್ಜಾ ಇಸ್ಮಾಯಿಲ್ ಮೇಲೆ ಒತ್ತಡ ಬಿತ್ತು. ಪಟೇಲರೂ ಆಚಾರ್ಯ ಕೃಪಲಾನಿಯವರೂ ಮಾತುಕತೆಗೆ ಬಂದರು. ಮೇ ತಿಂಗಳಲ್ಲಿ ಒಪ್ಪಂದ ಆಯಿತು. ಅದರಲ್ಲಿ ಒಂದು ಕಲಮು ನೋಡ್ರಿ: ಸಮಾರಂಭದ ಸಂದರ್ಭಗಳಲ್ಲಿ ಮೈಸೂರು ಸಂಸ್ಥಾನದ ಬಾವುಟ ಮತ್ತು ಕಾಂಗ್ರೆಸ್ ಬಾವುಟ ಎರಡೂ ಹಾರಬೇಕು, ಪಕ್ಷದ ಸ್ವಂತ ಸಭೆಗಳಲ್ಲಿ ಕಾಂಗ್ರೆಸ್ ಬಾವುಟ ಒಂದೇ ಹಾರಬಹುದು. ಅಷ್ಟು ಜೀವ ಹೋದ ಮೇಲೆ ಜಗಳ ಮುಗಿದದ್ದು "ಎರಡೂ ಇರಲಿ" ಅನ್ನುವಲ್ಲಿ.

ಇದನ್ನ ಯಾಕ ಹೇಳಿದೆ ಅಂದ್ರ, ನಮ್ಮ ಕಾಕಾ ಇಲ್ಲಿ ಎಂಟ್ರಿ ಕೊಟ್ರು. "ಕಂಬ ಹೆಂಗೂ ನಿಂತೈತಿ, ನವೆಂಬರ್ ಒಂದಕ್ಕ ಅದ ಕಂಬಕ್ಕ ತ್ರಿವರ್ಣದ ಕೆಳಗ ಕನ್ನಡ ಬಾವುಟಾನೂ ಕಟ್ಟೋಣು" ಅಂತ. ಅಜ್ಜ ಆಗೂದಿಲ್ಲ ಅಂದ್ರು. ಕಾಕಾಗ ಸಿಟ್ಟು ಬಂತು. ಗಡಿ ತಾಲ್ಲೂಕಿನಾಗ ಹಳದಿ ಕೆಂಪು ಬಾವುಟ ಬರೀ ಅರಿವಿ ಅಲ್ಲ, ನಿಮಗೂ ಗೊತ್ತು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಅದನ್ನ ಕೊಟ್ಟಾಗಿಂದ ಅದಕ್ಕಾಗಿ ಜಗಳ ಆಗ್ಯಾವು, ಬೆಳಗಾವಿ ಪಾಲಿಕೆ ಮುಂದ 2020ರ ಡಿಸೆಂಬರ್‌ನಾಗ ಕಂಬ ನಿಂತಾಗ ಆದ ಗದ್ದಲ ನೆನಪಿರಬೇಕು. ನಮ್ಮ ಬೀದಿಯಾಗ ಮರಾಠಿ ಮಾತಾಡೋ ಮನಿ ಅದಾವು, ಅವರ ಹುಡುಗ್ರು ನನ್ನ ಜೋಡಿ ಕಾಲೇಜಿಗೆ ಒಂದ ಬಸ್ಸಿನಾಗ ಬರ್ತಾರ.

ಸಂಹಿತೆ ತೆಗೆದು ನೋಡಿದೆ. ಅಜ್ಜ ಹೇಳಿದ್ದು ಸರಿ. ರಾಷ್ಟ್ರಧ್ವಜದ ಕಂಬಕ್ಕೆ ಅದೇ ಹೊತ್ತಿಗೆ ಬೇರೆ ಯಾವ ಬಾವುಟವನ್ನೂ ಕಟ್ಟುವಂತಿಲ್ಲ. ಅದಕ್ಕಿಂತ ಎತ್ತರದಲ್ಲಿ ಅಥವಾ ಸರಿಸಮವಾಗಿ ಪಕ್ಕದಲ್ಲಿ ಇನ್ನೊಂದು ಹಾರುವಂತಿಲ್ಲ. ಕನ್ನಡ ಬಾವುಟ ಹಾರಿಸಬ್ಯಾಡ್ರಿ ಅಂತ ಅಲ್ಲಿ ಎಲ್ಲೂ ಇಲ್ಲ, ಬೇರೆ ಗಿಡ್ಡ ಕಂಬ ಬೇಕು ಅಷ್ಟ. ಅಜ್ಜಗ ಇದನ್ನ ಓದಿ ತಿಳಿದದ್ದಲ್ಲ, 31 ವರ್ಷದ ಕೈ ರೂಢಿ. ಈಗ ಕಾಕಾ ದಾಸವಾಳದ ಆಚಿ ಕಡೆ ಇನ್ನೊಂದು ತೆಗ್ಗಿಗೆ ಜಾಗ ಹುಡುಕಾಕತ್ತಾರ. ಅವ್ವ ಮಾತ್ರ ನನ್ನ ಕೊತ್ತಂಬರಿ ಮಡಿಗೆ ಕೈ ಹಚ್ಚಿದ್ರ ನೋಡ್ರಿ ಅಂದಾಳ.

ಭಾಗ 7

ಕಂಬ ಆಯ್ತು, ಬಾವುಟ ಎಲ್ಲಿಂದ?

ಇಲ್ಲಿ ಒಂದು ಖುಷಿ ಪಡೋ ವಿಷಯ. ಭಾರತದಲ್ಲಿ ಸಿಮೆಂಟ್, ಕುಕ್ಕರ್, ಹೆಲ್ಮೆಟ್ ಎಲ್ಲಕ್ಕೂ ಐಎಸ್ ನಂಬರ್ ಇರುತ್ತದಲ್ಲ, ಗುಣಮಟ್ಟದ್ದು. ಐಎಸ್ 1, ಅಂದರೆ ಮೊಟ್ಟಮೊದಲ ನಂಬರ್, ಯಾವುದಕ್ಕೆ ಗೊತ್ತಾ? ರಾಷ್ಟ್ರಧ್ವಜಕ್ಕೆ. 1951ರಲ್ಲಿ ಬಂತು (ಅಜ್ಜ ಹುಟ್ಟಿದ ವರ್ಷ!), 1968ರಲ್ಲಿ ತಿದ್ದಿದರು. ಬಣ್ಣ, ನೂಲು, ಹೊಲಿಗೆ, ಹಗ್ಗ ಎಲ್ಲಕ್ಕೂ ಅಳತೆ. ಬಾವುಟ 3:2 ಪ್ರಮಾಣದಲ್ಲಿ ಇರಬೇಕು, ಒಟ್ಟು ಒಂಬತ್ತು ಅಳತೆಗಳು, ದೊಡ್ಡದು 6300×4200 ಮಿಲಿಮೀಟರ್, ಚಿಕ್ಕದು ಮೇಜಿನ ಮೇಲೆ ಇಡುವ 150×100. ಚಕ್ರಕ್ಕೆ 24 ಗೆರೆ, ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು.

ಈ ಅಳತೆಗೆ ಖಾದಿಯಲ್ಲಿ ಬಾವುಟ ಮಾಡುವವರು ನಮ್ಮ ಪಕ್ಕದ ಜಿಲ್ಲೆಯವರು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ, 1957ರ ನವೆಂಬರ್ 1ಕ್ಕೆ ಶುರುವಾದದ್ದು. ಧಾರವಾಡ ತಾಲ್ಲೂಕಿನ ಗರಗದಲ್ಲಿ ಅದಕ್ಕೂ ಮುಂಚಿನಿಂದ ಬಾವುಟದ ಖಾದಿ ನೇಯುತ್ತಿದ್ದರು. ಬೆಂಗೇರಿಗೆ ಬಟ್ಟೆ ಬಾಗಲಕೋಟೆ ಕಡೆಯಿಂದ, ತುಳಸಿಗೇರಿಯಿಂದ ಬರುತ್ತದೆ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಕೊನೆಗೆ ಹಗ್ಗ ಮತ್ತು ಕಟ್ಟಿಗೆಯ ಗುಬುಟು ಹಾಕುವುದು. ಕೆಲಸ ಮಾಡುವವರಲ್ಲಿ ಬಹುತೇಕ ಹೆಣ್ಣುಮಕ್ಕಳು. ಬಾವುಟದ ಬಟ್ಟೆ ತೆಳ್ಳಗೆ, ಕಂಬದ ಕಡೆ ಹಗ್ಗ ಸೇರಿಸಿ ಹೊಲಿಯುವ ಪಟ್ಟಿ ಬೇರೆ, ದಪ್ಪ ಖಾದಿ. ಗಾಳಿಯ ಜಗ್ಗಾಟ ಪೂರ್ತಿ ಬೀಳೂದು ಆ ಪಟ್ಟಿ ಮ್ಯಾಲ.

ನಮ್ಮ ಪೈಪ್ 20 ಅಡಿ, ಮೂರು ಅಡಿ ನೆಲದಾಗ, 17 ಅಡಿ ಮ್ಯಾಲ. ಕಂಬದ ಎತ್ತರದ ಕಾಲು ಭಾಗದಷ್ಟು ಉದ್ದದ ಬಾವುಟ ಚೆಂದ ಕಾಣ್ತೈತಿ. ಆ ಲೆಕ್ಕಕ್ಕ 1350×900, ಅಂದ್ರ ನಾಲ್ಕೂವರೆ ಅಡಿಗೆ ಮೂರು ಅಡಿ, ನಮಗ ಸರಿ. (ಬೆಳಗಾವಿ ಕೋಟೆ ಕೆರೆ ಹತ್ತಿರ 2018ರಲ್ಲಿ ನಿಂತ ಕಂಬ 110 ಮೀಟರ್. ನಮ್ಮದು ಅದರ ಇಪ್ಪತ್ತೊಂದನೇ ಒಂದು ಪಾಲು. ನಗಬ್ಯಾಡ್ರಿ.)

ಭಾಗ 8

ರೊಕ್ಕದ ಲೆಕ್ಕ ಅಂದಿದ್ದೆನಲ್ಲ.

2021ರ ಡಿಸೆಂಬರ್ 30ರ ತನಕ ಸಂಹಿತೆಯ ಪ್ರಕಾರ ಬಾವುಟ ಅಂದರೆ ಕೈಯಿಂದ ನೂತು ಕೈಯಿಂದ ನೇಯ್ದದ್ದು. ಆವತ್ತು ತಿದ್ದುಪಡಿ ಆಗಿ ಯಂತ್ರದಲ್ಲಿ ಮಾಡಿದ್ದೂ ನಡೆಯುತ್ತದೆ, ಪಾಲಿಸ್ಟರೂ ನಡೆಯುತ್ತದೆ ಅಂತ ಆಯಿತು. 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿ: ಮನೆ ಮೇಲೆ ಹಗಲು ರಾತ್ರಿ ಹಾರಿಸಬಹುದು, ಸಂಜೆ ಇಳಿಸಲೇಬೇಕು ಅಂತಿಲ್ಲ. ಆಗಸ್ಟ್ 13ರಿಂದ 15ರ ತನಕ ಹರ್ ಘರ್ ತಿರಂಗಾ. ಅಂಚೆ ಕಚೇರಿಯಲ್ಲಿ 25 ರೂಪಾಯಿಗೆ ಬಾವುಟ. ಖಾದಿ ಬಾವುಟಕ್ಕೆ ಮೊದಲಿಂದಲೂ ಜಿಎಸ್‌ಟಿ ಇರಲಿಲ್ಲ. ಪಾಲಿಸ್ಟರ್ ಬಾವುಟಕ್ಕೂ ಇಲ್ಲ ಅಂತ ಅದೇ ಆಗಸ್ಟ್‌ನಲ್ಲಿ ಸ್ಪಷ್ಟನೆ ಬಂತು.

ಬಿಕಾಂ ಕಣ್ಣಿನಿಂದ ನೋಡ್ರಿ. ಒಂದು ಕಡೆ ಕೈ ನೂಲು, ಕೈ ಮಗ್ಗ, ಐಎಸ್ ಅಳತೆಗೆ ಸರಿಯಾಗದಿದ್ದರೆ ವಾಪಸ್. ಇನ್ನೊಂದು ಕಡೆ ಮಿಲ್ಲಿನಲ್ಲಿ ಒಂದು ದಿನಕ್ಕೆ ಸಾವಿರಗಟ್ಟಲೆ. ಕಾನೂನು ಕೊಟ್ಟಿದ್ದ ಆಸರೆ ಹೋಯಿತು, ತೆರಿಗೆಯ ವ್ಯತ್ಯಾಸವೂ ಉಳಿಯಲಿಲ್ಲ. ಬೆಂಗೇರಿಯವರು 2022ರಲ್ಲಿ ಪ್ರತಿಭಟನೆ ಮಾಡಿದರು. ದೇಶದ ಪ್ರತಿ ಮನೆಯೂ ಬಾವುಟ ಕೊಳ್ಳುವ ವರ್ಷವೇ ಬಾವುಟ ಹೊಲಿಯುವವರು ರಸ್ತೆಗೆ ಬಂದರು.

ಆದ್ರ 25 ರೂಪಾಯಿ ಬಾವುಟ ಕೆಟ್ಟದ್ದು ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ. ಆ ವರ್ಷ ನಾನು ಪಿಯುಸಿ ಮೊದಲ ವರ್ಷ, ನಮ್ಮನಿ ಮ್ಯಾಲೂ ಅದ ಹಾರಿತ್ತು. ಒಣದ್ರಾಕ್ಷಿ ಶೆಡ್ಡಿನಾಗ ಕೂಲಿಗೆ ಬರೋ ಮಂದಿಯ ತಗಡಿನ ಮನಿ ಮ್ಯಾಲೂ ಹಾರಿತ್ತು. ಜಿಂದಾಲ್ ಗೆದ್ದ ಹಕ್ಕು ಖರೇನ ಅಲ್ಲಿ ತನಕ ಮುಟ್ಟಿದ್ದು ಆ ಪಾಲಿಸ್ಟರಿನಿಂದ. ಎರಡೂ ಖರೆ. ನಾನು ಇದನ್ನ ಒಂದ ಕಡೆ ತೂಗಾಕ ಹೋಗಿ ಸೋತೀನಿ.

ನಂದು ಒಂದ ಮಾತು ಮಾತ್ರ. ಪಾಲಿಸ್ಟರ್ ಮತ್ತು ಹಗಲು ರಾತ್ರಿ, ಈ ಎರಡೂ ತಿದ್ದುಪಡಿ ಏಳು ತಿಂಗಳ ಒಳಗ ಬಂದದ್ದು ಸುಮ್ನ ಅಲ್ಲ ಅನಿಸ್ತೈತಿ. ಖಾದಿ ರಾತ್ರಿಯ ಮಂಜು, ಮಳಿ, ಆಷಾಢದ ಗಾಳಿ ತಡಿಯೂದಿಲ್ಲ, ಅದನ್ನ ದಿನಾ ಇಳಿಸಬೇಕು, ಮಡಚಬೇಕು, ಒಳಗ ಇಡಬೇಕು. ಅದಕ್ಕೊಬ್ಬ ಮನುಷ್ಯ ಬೇಕು. ಪಾಲಿಸ್ಟರ್ ಬಿಟ್ಟುಬಿಟ್ರ ಹಾರ್ತಾನ ಇರ್ತೈತಿ. ನಮ್ಮಜ್ಜ 31 ವರ್ಷ ಮಾಡಿದ ಕೆಲಸ ಸಂಜೀಕ ಬಾವುಟ ಇಳಿಸೂದು. ಮಗ್ಗದ ಹೆಣ್ಣುಮಕ್ಕಳ ಜೋಡಿ ಆ ಸಿಪಾಯಿಯೂ ಬ್ಯಾಡಾದ.

ಭಾಗ 9

2022ರ ಆ ಬಾವುಟ ಟ್ರಂಕಿನಾಗ ಇತ್ತು. ಕೇಸರಿ ಹೋಗಿ ಹಳದಿ ಆಗಿತ್ತು, ತುದಿ ಪಿಸದಿತ್ತು. ಹರಿದ ಬಾವುಟ ಹಾರಿಸಬಾರದು. ಅದನ್ನು ಖಾಸಗಿಯಾಗಿ, ಗೌರವದಿಂದ, ಪೂರ್ತಿ ನಾಶ ಮಾಡಬೇಕು, ಸುಡುವುದು ಒಳ್ಳೆಯದು ಅಂತ ಸಂಹಿತೆ ಹೇಳುತ್ತದೆ. ಅಜ್ಜಗ ಇದು ಗೊತ್ತಿತ್ತು, ಸಾಲಿಯ ಹಳೇ ಖಾದಿ ಬಾವುಟಗಳನ್ನ ಹಂಗ ಮಾಡ್ಯಾರ.

ಹಿತ್ತಲದಾಗ, ಯಾರೂ ಇಲ್ಲದಾಗ, ಮಡಚಿ ಬೆಂಕಿಗೆ ಇಟ್ರು. ಅದು ಉರೀಲಿಲ್ಲ, ಕರಗಿತು. ಕರೀ ಹನಿ ಹನಿ ಕಟ್ಟಿಗಿ ಮ್ಯಾಲ ಬಿತ್ತು, ಕೆಟ್ಟ ವಾಸನಿ. ಆರಿದ ಮ್ಯಾಲ ನೋಡಿದ್ರ ಬೂದಿ ಇಲ್ಲ, ಅಂಗೈಯಷ್ಟು ಗಟ್ಟಿ ಗಡ್ಡಿ. ಅಜ್ಜ ಅದನ್ನ ಕೋಲಿನಿಂದ ಹೊರಳಿಸಿ ಬಹಳ ಹೊತ್ತು ನೋಡಿದ್ರು. "ಅರಿವಿ ಸುಟ್ರ ಬೂದಿ ಆಗಬೇಕು ಬಾಳಾ. ಇದನ್ನ ಎಲ್ಲಿ ಇಡೋದು?" ಅಂದ್ರು. ನಿಯಮ ಬರೆದವರು ಖಾದಿ ನೆನಪಿಟ್ಟು ಬರೆದಿದ್ರು. ಅರಿವಿ ಬದಲಾತು, ಆ ಸಾಲು ಹಂಗ ಉಳೀತು. ಆ ಗಡ್ಡಿ ಈಗ ಕರಿಬೇವಿನ ಬುಡದಾಗ ಐತಿ, ಅಜ್ಜನ ತೆಗ್ಗು ತೋಡಿ ಮುಚ್ಚಿದ್ರು.

ಕಂಬ ನಿಂತೈತಿ, ಕೊನೇ ಫೋಟೋ ನೋಡ್ರಿ. ಕರೆಂಟ್ ವೈರಿನಿಂದ ದೂರ ಇರೋ ಜಾಗ ಹುಡುಕಾಕ ಒಂದು ದಿನ ಹೋತು, ಅದನ್ನ ನೀವು ಯಾರಾದ್ರೂ ಮಾಡೋದಿದ್ರ ಮೊದಲ ನೋಡ್ಕೋರಿ. ದ್ರಾಕ್ಷಿ ಪಡಕ್ಕ ಆ್ಯಂಗಲ್ ಮಾಡೋ ವೆಲ್ಡಿಂಗ್ ಅಂಗಡಿಯವರ ತುದಿಗೆ ಗಡಗಡಿ ಕೂಡಿಸಿ ಕೊಟ್ರು. ಗೌಂಡಿ ಮೂರು ಕಡೆಯಿಂದ ಗುಂಡು ಬಿಟ್ಟು ನೋಡಿ, ಉಸುಕು ಕಡಿ ಸಿಮೆಂಟ್ ಹಾಕಿ, ಏಳು ದಿನ ನೀರು ಹೊಡೀರಿ, ಅಲ್ಲಿ ತನಕ ಜಗ್ಗಬ್ಯಾಡ್ರಿ ಅಂದು ಹೋದ.

ಅಜ್ಜ ಐದನೇ ದಿನಕ್ಕ ಜಗ್ಗಿದ್ರು. ಬಾವುಟ ಇಲ್ಲ, ಬರೀ ಹಗ್ಗ. ಗಡಗಡಿ ಕಿರ್ ಅಂತು. "ಎಣ್ಣಿ ಹಾಕಬೇಕು" ಅಂದ್ರು. ಸಂಜೀಕ ಇಳಸಾಕ ಒಬ್ರು ಬೇಕಲ್ಲ ಅಂದೆ. ಅದು ನಂದ ಕೆಲಸ ಅಂದ್ರು. 2022ರ ತಿದ್ದುಪಡಿ ಓದಿ ಹೇಳಿದೆ, ರಾತ್ರಿನೂ ಬಿಡಬಹುದು ಅಜ್ಜಾ ಅಂತ. ಕೇಳಿಸ್ಕೊಳ್ಳಲಿಲ್ಲ.

ಈ ವಾರ ಹುಬ್ಬಳ್ಳಿಗೆ ಹೋಗೋರು ಯಾರಾದ್ರೂ ಇದ್ರ ಮೆಸೇಜ್ ಮಾಡ್ರಿ. ಬೆಂಗೇರಿಯಿಂದ 1350×900ರ ಖಾದಿ ಬಾವುಟ ಒಂದು ತರಬೇಕು, ರೊಕ್ಕ ಮೊದಲ ಕಳಸ್ತೀನಿ.